ತುಕ್ಕು ಹಿಡಿಯದ ಕಾರು

ನನ್ನ ಸೋದರಮಾವನಿಗೆ ಜಗತ್ತಿನಲ್ಲಿ ಯಾರ ಮೇಲೂ ಸಿಟ್ಟು ಬರುವುದಿಲ್ಲ. ಹಾಗಾಗಿ ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡಿ ಮುಗಿಸಬೇಕಾಗಿದೆ! ಇದೇನು ಸಣ್ಣ ಹೊರೆಯೆಂದು ತಿಳಿಯಬೇಡಿ. ಮೂಡುಬಿದಿರೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಕುಕ್ಕರಿನ ಸೀಟಿ ಕೂಗುವುದಿಲ್ಲವೆಂದು ಬರುವವರು, ಆರು ತಿಂಗಳು ಉಪಯೋಗಿಸಿದ ದೋಸೆ ಕಾವಲಿಯನ್ನು ವಾಪಸು ತೆಗೆದುಕೊಳ್ಳಿ ಎನ್ನುವವರು, ಇವರ ಮೇಲೆ ಮಾಡುವ ಸಿಟ್ಟಿಗೇ ನನಗೆ ದಿನದಲ್ಲಿ ಹೊತ್ತು ಸಾಲುವುದಿಲ್ಲ. ಅದರ ಮೇಲೆ ಮಾವ ಬೇರೆ.

ಮಾವ ಮೂವತ್ತು ವರ್ಷ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಇಂಜಿನು ಡ್ರೈವರನ ಎಡಗಡೆಯಲ್ಲೇ ಪೆಟ್ಟಿಗೆಯೊಳಗೆ ಕೂತು ಗುಡುಗುತ್ತಿತ್ತಲ್ಲ, ಆ ಕಾಲದ ಬಸ್ಸು. ಈಗ ಬೆಳ್ತಂಗಡಿ ಪೇಟೆಯಿಂದ ಸ್ವಲ್ಪ ಆಚೆ ಅತ್ತೆಯ ಜೊತೆ ಆರಾಮಾಗಿದ್ದಾರೆ. ಬೈದರೆ ನಗುತ್ತಾರೆ. ಇನ್ನೂ ಬೈದರೆ ಇನ್ನೂ ನಗುತ್ತಾರೆ. ಫೋನು ಮಾಡಿದರೆ ಎತ್ತಿ, "ತಡಿ, ಅತ್ತೆಗೆ ಕೊಡ್ತೇನೆ" ಎಂದು ದಾಟಿಸಿಬಿಡುತ್ತಾರೆ. ಎದುರು ಸಿಕ್ಕಿದರೆ ಒಬ್ಬರೇ ಮಾತಾಡುತ್ತಾರೆ. ನಮಗೆ ಬಾಯಿ ತೆರೆಯುವ ಸಂದರ್ಭವೇ ಇಲ್ಲ. ಹೀಗಿರುವ ಮನುಷ್ಯನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ ಹೇಳಿ?

ಆದರೂ ನಾನು ಮಾಡಿದ್ದೇನೆ. ಕಾರಣ ಅವರ ಕಾರು.

ಅದು ಫೈಬರ್ ಬಾಡಿಯ ಕಾರು. ನಲವತ್ತು ವರ್ಷ ಹಳೆಯದು. ತಗಡು ಎಂಬ ಪದಾರ್ಥವೇ ಮೈಮೇಲೆ ಇಲ್ಲ. ಊರಿನವರು ಅದನ್ನು "ನೀರಿನ ಟ್ಯಾಂಕಿ" ಎಂದೇ ಕರೆಯುವುದು. ಒಮ್ಮೆ ಪಕ್ಕದ ಮನೆಯ ಹುಡುಗಿ ಡ್ರೈವಿಂಗ್ ಕಲಿಯುವಾಗ ಮಾವ ತಮ್ಮ ಕಾರನ್ನೇ ಕೊಟ್ಟು ಔದಾರ್ಯ ತೋರಿಸಿದರು. ಅವಳು ಕೆಂಪು ಎಲ್ ಬೋರ್ಡಿನ ಅಯಸ್ಕಾಂತವನ್ನು ಬಾನೆಟ್ಟಿಗೆ ಅಂಟಿಸಿದಳು, ಬಿತ್ತು. ಬಾಗಿಲಿಗೆ ಅಂಟಿಸಿದಳು, ಬಿತ್ತು. ಡಿಕ್ಕಿಗೂ ಅಂಟಿಸಿ ನೋಡಿ ಕೊನೆಗೆ ಎಲ್ ಬೋರ್ಡಿಗೆ ದಾರ ಕಟ್ಟಿ ಕಿಟಕಿಯಿಂದ ನೇತುಹಾಕಿದಳು. ಈ ವೈಭವದ ಕಾರನ್ನು ಯಾಕೆ ಕೊಂಡಿರಿ ಮಾವ ಎಂದು ಊರೆಲ್ಲ ಕೇಳಿಯಾಗಿದೆ.

"ನಮ್ಮ ಮಳೆಗೆ ಕಬ್ಬಿಣ ಎಷ್ಟು ದಿನ ಬರ್ತದೆ? ಇದಕ್ಕೆ ತುಕ್ಕು ಅಂತ ಹಿಡಿಯುವುದೇ ಇಲ್ಲ ಮಾರಾಯ!" ಎಂದು ಮಾವ ಬಾನೆಟ್ಟು ತಟ್ಟುತ್ತಿದ್ದರು.

ಇಡೀ ಕಾರಿನ ಹೊರಮೈಯಲ್ಲಿ ಕಬ್ಬಿಣವಿದ್ದದ್ದು ಎರಡೇ ಕಡೆ. ಎರಡು ಬಾಗಿಲಿನ ಹೊರಗಡೆಯ ಕನ್ನಡಿಗಳ ಬುಡದಲ್ಲಿ. ಕನ್ನಡಿ ಅಲುಗಾಡದಂತೆ ಫೈಬರಿನ ಒಳಗೆ ಒಂದೊಂದು ಕಬ್ಬಿಣದ ಪಟ್ಟಿ ಕೂರಿಸಿ ಅದಕ್ಕೆ ಬೋಲ್ಟು ಬಿಗಿದಿದ್ದರು. ತುಕ್ಕು ಹಿಡಿಯದ ಕಾರಿಗೆ ಸರಿಯಾಗಿ ಅಲ್ಲೇ ಹಿಡಿಯಿತು! ಪಟ್ಟಿ ತುಕ್ಕು ತಿಂದು ಉಬ್ಬಿ, ಸುತ್ತಲಿನ ಫೈಬರು ಬಿರಿದು, ಕನ್ನಡಿಗಳು ಎರಡೂ ಕಡೆ ತಲೆ ತಗ್ಗಿಸಿ ನಿಂತವು. ಅವುಗಳಲ್ಲಿ ನೋಡಿದರೆ ಹಿಂದಿನ ರಸ್ತೆ ಕಾಣುತ್ತಿರಲಿಲ್ಲ, ಸ್ವಂತ ಚಕ್ರ ಕಾಣುತ್ತಿತ್ತು. ಹಾಗೆಯೇ ಒಂದೆರಡು ವರ್ಷ ಮಾವ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂಟ್ವಾಳ, ವಿಟ್ಲ ಎಂದು ತಿರುಗಿದರು. ಕನ್ನಡಿಯ ಸುದ್ದಿಯನ್ನೇ ಎತ್ತಲಿಲ್ಲ.

ಅಷ್ಟರಲ್ಲಿ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ದೊಡ್ಡದಲ್ಲ, ದೇವರು ದೊಡ್ಡವನು. ಮಾತು ಉಳಿಯಿತು, ಕಾಲು ನಿಧಾನವಾಗಿ ಬಂತು, ಬಲಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡಿತು. ವಾರಕ್ಕೆ ಎರಡು ಸಲ ಮೂಡುಬಿದಿರೆಗೆ ಬಂದು ಕೈಗೆ ವ್ಯಾಯಾಮ ಮಾಡಿಸಿಕೊಳ್ಳಬೇಕು, ತಪ್ಪಿಸಿದರೆ ಕೈ ಹಾಗೆಯೇ ನಿಂತುಬಿಟ್ಟೀತು ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಮನೆಯಲ್ಲಿ ಕಾರಿದೆ, ಡ್ರೈವರ್ ಇದ್ದಾರೆ. ಇನ್ನೇನು ಬೇಕು?

"ಕನ್ನಡಿ ಸರಿಯಾಗದೆ ನಾನು ಕಾರು ತೆಗೆಯುವುದಿಲ್ಲ," ಎಂದರು ಮಾವ.

ನನ್ನ ಪಿತ್ತ ನೆತ್ತಿಗೇರಿತು. ಎರಡು ವರ್ಷ ಇಲ್ಲದ ಕನ್ನಡಿ ಈಗ ಬೇಕಂತೆ! ಅದೂ ಹೆಂಡತಿಯ ಕೈ ಕೂತಿರುವಾಗ! ಬಸ್ಸು ಹತ್ತಲು ಅತ್ತೆಗೆ ಆಗುವುದಿಲ್ಲ. ಕೊನೆಗೆ ಯಾರ ತಲೆಗೆ ಬಂತು ಹೇಳಿ? ಮಂಗಳವಾರ ಮತ್ತು ಶುಕ್ರವಾರ ನಾನು ಅಂಗಡಿಗೆ ಬಾಗಿಲು ಹಾಕಿ, ನನ್ನ ಕಾರು ತೆಗೆದು, ವೇಣೂರು ದಾರಿಯಲ್ಲಿ ಬೆಳ್ತಂಗಡಿಗೆ ಹೋಗಿ, ಅವರಿಬ್ಬರನ್ನು ಮೂಡುಬಿದಿರೆಗೆ ಕರೆತಂದು, ಪುನಃ ಬೆಳ್ತಂಗಡಿಗೆ ಬಿಟ್ಟು, ಪುನಃ ಮೂಡುಬಿದಿರೆಗೆ ಬರುವುದು. ದಾರಿಯುದ್ದಕ್ಕೂ ನಾನು ಮಾವನನ್ನು ಬೈಯುವುದು. ಬೈಯಲು ತುಳುವೇ ಆಗಬೇಕು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದರ ಅರ್ಧ ಖಾರ ಹೋಗುತ್ತದೆ, ಏನು ಮಾಡಲಿ! ಮಾವ ಪಕ್ಕದಲ್ಲಿ ಕೂತು ರಸ್ತೆ ನೋಡುತ್ತಾ ನಗುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಹಿಂದಿನ ಸೀಟಿನಲ್ಲಿ ಅತ್ತೆ ಮಾತ್ರ, "ಹೋಗ್ಲಿ ಬಿಡು ಮಗಾ, ಹೋಗ್ಲಿ ಬಿಡು," ಎನ್ನುತ್ತಿದ್ದರು.

ಹಾಗೆಂದು ಮಾವ ಕೈಕಟ್ಟಿ ಕೂತಿರಲಿಲ್ಲ. ಮೊದಲು ಅವರ ಕಾರನ್ನು ನಾನೇ ಓಡಿಸಿಕೊಂಡು ಬೆಳ್ತಂಗಡಿಯ ಟಿಂಕರಿಂಗ್‌ನವನ ಹತ್ತಿರ ಹೋದೆವು. ಅವನು ಕನ್ನಡಿಯ ಬುಡ ನೋಡಿದ, "ಇದೆಂಥದ್ದು ಮಹಾ!" ಎಂದ, ಮಾವ ಎರಡೂ ಕೈ ಎತ್ತಿ ತಡೆಯುವಷ್ಟರಲ್ಲಿ ಸುತ್ತಿಗೆ ಎತ್ತಿ ಒಂದು ಕೊಟ್ಟ. ತಗಡಾದರೆ ತಗ್ಗುತ್ತಿತ್ತು. ಇದು ಒಣಗಿದ ಹಪ್ಪಳದ ಹಾಗೆ ನಾಲ್ಕು ಕಡೆಗೆ ಬಿರಿಯಿತು! ಅವನು ಸುತ್ತಿಗೆಯನ್ನು ನೋಡಿದ, ಬಾಗಿಲನ್ನು ನೋಡಿದ.

"ಇದು ಯಾವ ಜಾತಿಯ ತಗಡು ಮಾರಾಯ್ರೇ? ಅಡ್ಡಿಲ್ಲ, ವೆಲ್ಡಿಂಗ್ ಮಾಡಿ ಕೊಡ್ತೇನೆ," ಎಂದ.

"ವೆಲ್ಡಿಂಗ್ ಮಾಡು, ಮತ್ತೆ ಬೂದಿಯನ್ನು ಪೊಟ್ಟಣ ಕಟ್ಟಿ ಕೊಡು!" ಎಂದು ನಾನು ಕಿರುಚಿದೆ. ಮಾವ ನಗುತ್ತಾ ಅವನ ಬೆನ್ನು ತಟ್ಟಿದರು. ಅವನಿಗೆ ಚಹಾ ಬೇರೆ ಕುಡಿಸಿದರು! ಹೊಟ್ಟೆ ಉರಿಯುವುದಿಲ್ಲವೇ?

ಆಮೇಲೆ ನಾನೇ ಅಂಟಿಸುವ ಪ್ಲಾಸ್ಟಿಕ್ ಕನ್ನಡಿ ತಂದುಕೊಟ್ಟೆ. ಮಾವ ಅದನ್ನು ಅಂಟಿಸಿ, ಇಂಜಿನು ಸ್ಟಾರ್ಟ್ ಮಾಡಿ, ಒಂದು ನಿಮಿಷ ನೋಡಿ ಇಳಿದುಬಂದರು. "ಇದರಲ್ಲಿ ಒಂದು ಲಾರಿ ಬಂದ್ರೆ ಮೂರು ಲಾರಿ ಕಾಣ್ತದೆ. ಯಾವುದಕ್ಕೆ ಸೈಡ್ ಕೊಡುವುದು?" ಎಂದು ಕಿತ್ತು ನನ್ನ ಕೈಗೇ ಕೊಟ್ಟರು. ಇಷ್ಟು ವರ್ಷ ಯಾವುದಕ್ಕೆ ಕೊಟ್ಟಿರಿ ಎಂದು ನಾನು ಕೇಳಿದೆ. ಮಾವ ಆಗಲೇ ಬಾನೆಟ್ಟಿನ ಕಡೆ ತಿರುಗಿದ್ದರು.

ಕೊನೆಗೆ ಮೂಡುಬಿದಿರೆಯ ಹೊರಗೆ, ಮೆರವಣಿಗೆಯ ಟ್ಯಾಬ್ಲೋಗಳಿಗೆ ಫೈಬರಿನ ಬೊಂಬೆ ಮಾಡುವ ಒಬ್ಬ ಮೇಸ್ತ್ರಿ ಸಿಕ್ಕಿದರು. ಅವರ ಶೆಡ್ಡಿನಲ್ಲಿ ಒಂದು ಕಡೆ ರಾವಣನ ಒಂಬತ್ತು ತಲೆ, ಇನ್ನೊಂದು ಕಡೆ ಬಾಯಿ ತೆರೆದ ಹುಲಿ, ನಡುವೆ ನಮ್ಮ ಕಾರು. ಹತ್ತನೆಯ ತಲೆ ಎಲ್ಲಿ ಎಂದು ನಾನು ಕೇಳಬಾರದಿತ್ತು. "ನೀವು ಬಂದ್ರಲ್ಲ," ಎಂದರು ಮೇಸ್ತ್ರಿ, ನನ್ನ ಮುಖದ ಸಿಟ್ಟು ನೋಡಿ. ಆದರೆ ಕೆಲಸ ಬಲ್ಲವರು. ತುಕ್ಕು ಹಿಡಿದ ಪಟ್ಟಿಯನ್ನು ಕೆತ್ತಿ ತೆಗೆಯಬೇಕು, ಹೊಸ ಪಟ್ಟಿ ಕೂರಿಸಿ ಮೇಲೆ ಫೈಬರಿನ ಬಟ್ಟೆ ಹಾಸಿ ಅಂಟು ಹೊಯ್ದರೆ ಕಲ್ಲಿನ ಹಾಗೆ ನಿಲ್ಲುತ್ತದೆ ಎಂದರು. "ಪಟ್ಟಿ ಮಾತ್ರ ಪುನಃ ಕಬ್ಬಿಣ ಬೇಡ. ಒಳ್ಳೆ ದಪ್ಪದ ಸ್ಟೀಲ್ ತನ್ನಿ."

ಮಾವ ನೇರವಾಗಿ ನನ್ನ ಅಂಗಡಿಗೆ ಬಂದು, ಎದುರುಗಡೆ ನಿಲ್ಲಿಸಿದ್ದ ಸಟ್ಟುಗದ ಹಿಡಿಯನ್ನು ಬೆರಳಿನಲ್ಲಿ ಅಳೆದರು. ಮದುವೆ ಅಡುಗೆಯವರಿಗೆಂದು ಮಾಡಿಸಿದ ಆಳೆತ್ತರದ ಸಟ್ಟುಗ ಅದು; ಅಪ್ಪಟ ಸ್ಟೀಲು, ನನ್ನ ಅಂಗಡಿಯ ಶೋಭೆ. ದೂರದಿಂದ ನೋಡಿಯೇ ಜನ ಒಳಗೆ ಬರುತ್ತಾರೆ.

"ಇದರ ಹಿಡಿ ಸಾಕು," ಎಂದರು ಮಾವ.

"ಮುಟ್ಟಿದ್ರೆ ಜಾಗ್ರತೆ!" ಎಂದೆ. ಅಂದು ನನಗೆ ನಿಜವಾಗಿಯೂ ತಲೆ ಕೆಟ್ಟಿತು. ಎರಡು ಕನ್ನಡಿಗಾಗಿ ಎರಡು ತಿಂಗಳಿನಿಂದ ನನ್ನ ವ್ಯಾಪಾರ ಹಾಳು, ಈಗ ಸಟ್ಟುಗವೂ ಹೋಗಬೇಕೇ? ಹಳೆಯ ಕಾರುಗಳ ಹುಚ್ಚಿನ ಬೆಂಗಳೂರಿನವರೊಬ್ಬರು ನಮ್ಮ ಪರಿಚಯದಲ್ಲಿದ್ದರು. ಅವರಿಗೆ ಫೋನು ಮಾಡಿದೆ. ಫೈಬರ್ ಕಾರು ಎಂದ ಕೂಡಲೇ ಅವರು ಭಾನುವಾರ ಬರುತ್ತೇನೆಂದರು.

ಹಾಗೆಂದು ನಾನು ಕಳ್ಳತನ ಮಾಡಲಿಲ್ಲ. ಶುಕ್ರವಾರ ಇಬ್ಬರನ್ನೂ ಬಿಡಲು ಹೋಗುವಾಗ, ಅತ್ತೆ ಹಿಂದೆ ನಿದ್ದೆ ಹೋಗಿದ್ದರು, ವೇಣೂರು ದಾಟುತ್ತಿದ್ದಂತೆ ಸ್ಪಷ್ಟವಾಗಿ ಹೇಳಿದೆ: "ಮಾವ, ಕಾರು ಮಾರುವ. ಭಾನುವಾರ ಜನ ಬರ್ತಾರೆ. ಆಗಬಹುದಲ್ವಾ?" ಮಾವ ರಸ್ತೆ ನೋಡುತ್ತಾ ನಕ್ಕರು. ತಲೆಯನ್ನೂ ಆಡಿಸಿದರು. ಇಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ನನಗೇ ಆಶ್ಚರ್ಯ. ಆ ದಿನ ಮೊದಲ ಬಾರಿ ಅವರ ಮೇಲೆ ನನಗೆ ಸ್ವಲ್ಪ ಪ್ರೀತಿ ಬಂತು.

ಭಾನುವಾರ ಆ ಮನುಷ್ಯ ಬಂದರು. ಮಾವನ ಸಂಭ್ರಮ ಹೇಳತೀರದು! ಬಾನೆಟ್ಟು ತೆಗೆದು ತೋರಿಸಿದರು, ಹಲಸಿನ ಹಪ್ಪಳ ತಿನ್ನಿಸಿದರು, "ತುಕ್ಕು ಹಿಡಿಯುವುದೇ ಇಲ್ಲ" ಎಂದು ನಾಲ್ಕು ಸಲ ಹೇಳಿದರು. ಆಮೇಲೆ ಆ ಮನುಷ್ಯ ಕಿಸೆಯಿಂದ ಮುಂಗಡದ ಲಕೋಟೆ ತೆಗೆದು ಮಾವನ ಕೈಗಿಟ್ಟರು. ಮಾವ ಲಕೋಟೆ ತೆರೆದು ನೋಡಿದರು. ನನ್ನ ಮುಖ ನೋಡಿದರು. ಕಾರನ್ನು ನೋಡಿದರು. ಅವರ ನಗು ಹೋಯಿತು. ನಾನು ಹುಟ್ಟಿದ ಮೇಲೆ ಮಾವನ ಮುಖ ನಗು ಇಲ್ಲದೆ ಹೇಗಿರುತ್ತದೆಂದು ನೋಡಿದ್ದು ಅಂದೇ. ಲಕೋಟೆಯನ್ನು ಜಗಲಿಯ ಮೇಲಿಟ್ಟು ಹೋಗಿ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡರು.

ಬಂದವರ ಎದುರು ಮರ್ಯಾದೆ ಹೋಯಿತಲ್ಲ! ಅವರನ್ನು ಹೇಗೋ ಕಳಿಸಿ, ಅಡುಗೆಮನೆಗೆ ಹೋಗಿ ಅತ್ತೆಯ ಮೇಲೆ ಹಾರಿದೆ. "ಮೊನ್ನೆ ಕೇಳಿದಾಗ ತಲೆ ಅಲ್ಲಾಡಿಸಿದವರು ಯಾರು? ಇವರೇ ಅಲ್ವಾ? ಇದೆಂಥ ನಾಟಕ?"

ಅತ್ತೆ ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಿನಲ್ಲಿ ಸರಿಯಾಗಿ ಇಟ್ಟುಕೊಂಡರು. "ಅವರಿಗೆ ಕೇಳುದಿಲ್ಲ ಮಗಾ," ಎಂದರು.

"ಹೇಳಿದ್ದು ಕೇಳುವುದಿಲ್ಲ, ಅದು ಗೊತ್ತುಂಟು!"

"ಹಾಗಲ್ಲ. ಕಿವಿಯೇ ಕೇಳುದಿಲ್ಲ. ಮೂವತ್ತು ವರ್ಷ ಇಂಜಿನಿನ ಪಕ್ಕ ಕೂತದ್ದಲ್ವಾ? ಎಡದ್ದು ಬಸ್ಸು ಬಿಡುವಾಗಲೇ ಹೋಗಿತ್ತು. ಈಗ ಬಲದ್ದೂ ಇಲ್ಲ. ಎದುರು ಇದ್ದವರ ಬಾಯಿ ನೋಡಿ ಅಂದಾಜು ಮಾಡ್ತಾರೆ. ಗೊತ್ತಾಗದಿದ್ರೆ ನಗಾಡ್ತಾರೆ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಅತ್ತೆ ನಿಧಾನವಾಗಿ ಹೇಳುತ್ತಾ ಹೋದರು. ಕಾರಿನಲ್ಲಿ ಹೋಗುವಾಗ ಹಿಂದಿನಿಂದ ಹಾರ್ನ್ ಕೇಳಿದರೆ ಅತ್ತೆ ಬಲಗೈಯಿಂದ ಮಾವನ ಮೊಣಕಾಲು ತಟ್ಟುವುದಂತೆ. ಒಂದು ಸಲ ತಟ್ಟಿದರೆ ಸೈಡ್ ಕೊಡು ಎಂದು; ಎರಡು ಸಲವಾದರೆ ನಿಲ್ಲಿಸು ಎಂದು. ಇಷ್ಟು ವರ್ಷ ಕಾರು ಓಡಿದ್ದು ಹಾಗೆ.

"ಈಗ ಈ ಕೈ ಏಳುದಿಲ್ಲ. ಅದಕ್ಕೇ ಅವರಿಗೆ ಕನ್ನಡಿ ಬೇಕಾದ್ದು. ಹೇಳಿದ್ರೆ ನೀವೆಲ್ಲ ಕಾರು ಬಿಡ್ಲಿಕ್ಕೆ ಬಿಡುದಿಲ್ಲ ಅಂತ ಹೆದರಿಕೆ. ನನ್ನನ್ನು ಅವರೇ ಕರ್ಕೊಂಡು ಹೋಗ್ಬೇಕು ಅಂತ ಆಸೆ, ಮತ್ತೆಂಥದ್ದಿಲ್ಲ."

ಈಗ ಮಾವನ ಕಿವಿಗೆ ಮೆಷಿನ್ ಬಂದು ಗುಟ್ಟು ರಟ್ಟಾಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಅಂದು ನನಗೆ ಮೊದಲು ಬಂದದ್ದು ಏನು ಗೊತ್ತೇ? ಸಿಟ್ಟೇ! ಎರಡು ತಿಂಗಳು, ವಾರಕ್ಕೆ ಎರಡು ಸಲ, ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ನಾನು ಬೈದದ್ದರಲ್ಲಿ ಒಂದಕ್ಷರವೂ ಆ ಮನುಷ್ಯನಿಗೆ ತಲುಪಿರಲಿಲ್ಲ. ಅಷ್ಟನ್ನೂ ಕೇಳಿದ್ದು ಹಿಂದೆ ಕೂತಿದ್ದ ಅತ್ತೆ. ಆಮೇಲೆ ಆ ಸಿಟ್ಟು ನನ್ನ ಕಡೆಗೇ ತಿರುಗಿತು, ನಾಚಿಕೆಯಾಯಿತು. ಹೊರಗೆ ಹೋಗಿ ಕಾರಿನ ಕಿಟಕಿಯ ಎದುರು ನಿಂತು, ಬಾಯಿ ದೊಡ್ಡದು ಮಾಡಿ, "ಮಾರುವುದಿಲ್ಲ" ಎಂದೆ. ಮಾವ ನನ್ನ ತುಟಿಯನ್ನೇ ನೋಡುತ್ತಿದ್ದರು. ಇನ್ನೊಂದು ಸಲ ಹೇಳಿಸಿದರು.

ಸೋಮವಾರ ಅಂಗಡಿಯ ಸಟ್ಟುಗವನ್ನು ನಾನೇ ಹೆಗಲ ಮೇಲಿಟ್ಟುಕೊಂಡು ಲೇತಿಗೆ ಹೋದೆ. ಕತ್ತರಿಸುವವ, "ಹೊಸದಲ್ವಾ ಸರ್? ಪಾಪ," ಎಂದ. "ನಿನ್ನ ಕೆಲಸ ನೀನು ನೋಡು!" ಎಂದೆ. ಮೇಸ್ತ್ರಿ ರಾವಣನನ್ನು ಬದಿಗೆ ಸರಿಸಿ, ಕಾರನ್ನು ಪುನಃ ಶೆಡ್ಡಿನೊಳಗೆ ನಿಲ್ಲಿಸಿಕೊಂಡು, ಪಟ್ಟಿಗಳನ್ನು ಕೂರಿಸಿ, ಅಂಟು ಒಣಗಿಸಿ, ತೂತು ಕೊರೆದು, ರಬ್ಬರಿನ ವಾಷರ್ ಇಟ್ಟು ಕನ್ನಡಿ ಬಿಗಿದುಕೊಟ್ಟರು. ಹಿಡಿದು ಜಗ್ಗಿದೆ. ಕಾರೇ ಅಲುಗಾಡಿತು, ಕನ್ನಡಿ ಅಲುಗಾಡಲಿಲ್ಲ.

ಮುಂದಿನ ಶುಕ್ರವಾರ ಮಾವ ಕಾರು ತೆಗೆದರು. ಪಕ್ಕದಲ್ಲಿ ಅತ್ತೆ, ಹಿಂದೆ ನಾನು. ಪರೀಕ್ಷೆ ಮಾಡಲು ಬಂದಿದ್ದೆ ಎಂದೇ ಇಟ್ಟುಕೊಳ್ಳಿ. ವೇಣೂರಿನ ಹತ್ತಿರ ಕೆಂಪುಕಲ್ಲಿನ ಲಾರಿಯೊಂದು ಬೆನ್ನಿಗೆ ಬಿದ್ದು ಹಾರ್ನ್ ಹೊಡೆಯತೊಡಗಿತು. "ಮಾವಾ, ಲಾರಿ!" ಎಂದು ಕೂಗಿ, ಕೂಗಿ ಪ್ರಯೋಜನವಿಲ್ಲವೆಂದು ನೆನಪಾಗಿ ಬಲಗಡೆಯ ಕನ್ನಡಿ ನೋಡಿದೆ. ಅದರಲ್ಲಿ ಲಾರಿಯ ಮೂತಿ ಇಡಿಯಾಗಿ ಕಾಣುತ್ತಿತ್ತು. ಮಾವ ಅದನ್ನೇ ನೋಡುತ್ತಿದ್ದರು. ಆದರೆ ಸೈಡ್ ಕೊಡಲಿಲ್ಲ. ಕಾರನ್ನು ನಿಧಾನ ಮಾಡಿದರು, ಅಷ್ಟೇ. ಲಾರಿಯವ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಇವರಿಗೆ ಏನಾಗಿದೆ ಎಂದು ನನ್ನ ಸಿಟ್ಟು ಪುನಃ ಏರತೊಡಗಿತು.

ಆಗ ಅತ್ತೆಯ ಮಡಿಲು ಕಂಡಿತು. ಬಲಗೈ ಸ್ವಲ್ಪ ಎದ್ದಿತ್ತು. ನಡುಗಿತು, ಬಿತ್ತು, ಇನ್ನೊಮ್ಮೆ ಎದ್ದಿತು. ಅತ್ತೆ ತುಟಿ ಕಚ್ಚಿಕೊಂಡಿದ್ದರು. ಕೈ ಗೇರಿನ ಪಕ್ಕದಿಂದ ತೆವಳಿದ ಹಾಗೆ ಹೋಗಿ ಮಾವನ ಮೊಣಕಾಲಿನ ಮೇಲೆ ಬಿತ್ತು. ಎರಡು ಬೆರಳು ಮಾತ್ರ ಆಡಿದವು. ಒಂದೇ ಸಲ.

"ಹೋ! ಹಿಂದೆ ಲಾರಿ ಉಂಟಾ?" ಎಂದು ಮಾವ ಕಾರನ್ನು ಎಡಕ್ಕೆ ತೆಗೆದರು.

ಲಾರಿಯವ ಪಕ್ಕದಿಂದ ಹೋಗುವಾಗ ತಲೆ ಹೊರಗೆ ಹಾಕಿ ನಮ್ಮ ಅಪ್ಪ ಅಮ್ಮನನ್ನೆಲ್ಲ ಸೇರಿಸಿ ಬೈದ. ಮಾವ ಅವನಿಗೆ ಕೈ ಬೀಸಿ ನಕ್ಕರು. ತಿರುಗಿ ಬೈಯಲು ನಾನೂ ಬಾಯಿ ತೆರೆದಿದ್ದೆ, ಅದನ್ನು ಮುಚ್ಚಿ ನಾನೂ ಕೈ ಬೀಸಿದೆ.