ಮುಖ ಹೇಗಾದರೂ ಇರಲಿ, ವಾಚು ಕಾಣಬೇಕು

ಅರವತ್ತರ ದಶಕದಲ್ಲಿ ಸಾಗರದ ಪೇಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಬರುವವರಲ್ಲಿ ಅರ್ಧ ಜನಕ್ಕೆ ಮುಖದ ಚಿಂತೆಯೇ ಇರಲಿಲ್ಲ. ಕೈಗೆ ಕಟ್ಟಿದ ವಾಚು ಫೋಟೋದಲ್ಲಿ ಬಿದ್ದರೆ ಸಾಕು. ಹಾಗಾಗಿ ವಾರಕ್ಕೊಂದು ರಗಳೆ ತಪ್ಪುತ್ತಿರಲಿಲ್ಲ.

ಮೇಷ್ಟ್ರ ಹೊಸ ವಾಚು

ಮೇಷ್ಟ್ರೊಬ್ಬರು ಹೊಸ ವಾಚು ಕಟ್ಟಿಕೊಂಡು ಬಂದರು. ಮುರಿದ ಕೈಗೆ ಪಟ್ಟಿ ಹಾಕಿಸಿಕೊಂಡವರ ಹಾಗೆ ಎಡಗೈಯನ್ನು ಎದೆಗೆ ಅಡ್ಡ ಹಿಡಿದು ಕೂತರು. ದೀಪದ ಬೆಳಕು ವಾಚಿನ ಗಾಜಿಗೆ ಬಡಿದು ಫೋಟೋದಲ್ಲಿ ಬರೀ ಬಿಳಿ ಚುಕ್ಕೆ ಬಂತು.

"ಮುಳ್ಳೆಲ್ಲಿ ಮಾರಾಯ್ರೆ?" ಎಂದು ಜಗಳ ತೆಗೆದರು.

ಗಾಜಿಗೆ ತೆಳ್ಳಗೆ ಪೌಡರು ಸವರಿ ಮತ್ತೆ ತೆಗೆದೆ. ಮುಳ್ಳು ಕಂಡಿತು, ಮೇಷ್ಟ್ರು ಕುಣಿದಾಡಿದರು. ಎರಡು ಫೋಟೋದಲ್ಲೂ ಅವರ ಕಣ್ಣು ಮುಚ್ಚಿತ್ತು. ಅದು ಅವರ ಕಣ್ಣಿಗೆ ಬೀಳಲೇ ಇಲ್ಲ.

ಹೊಸನಗರದ ಗುಮಾಸ್ತ

ಹೊಸನಗರದ ಕಚೇರಿಗೆ ಚಕ್ಕರ್ ಹೊಡೆದು ಸಾಗರಕ್ಕೆ ಬಂದು ಫೋಟೋ ತೆಗೆಸಿಕೊಂಡಿದ್ದ ಗುಮಾಸ್ತ, ಪ್ರಿಂಟು ನೋಡಿ ಬೆವೆತ.

"ವಾಚಲ್ಲಿ ಹನ್ನೊಂದೂವರೆ ಕಾಣ್ತದೆ! ಸಾಹೇಬ್ರು ನೋಡಿದ್ರೆ ನನ್ನ ಕಥೆ ಮುಗೀತು. ಐದೂವರೆ ಮಾಡಿಕೊಡಿ."

ನೆಗೆಟಿವ್ ಕೆರೆದು, ಪೆನ್ಸಿಲಿನಲ್ಲಿ ತಿದ್ದಿ, ಕಣ್ಣು ನೋಯಿಸಿಕೊಂಡು ಐದೂವರೆ ಮಾಡಿದೆ. ವಾರ ಬಿಟ್ಟು ಮತ್ತೆ ಬಂದ, ಮುಖ ಊದಿಸಿಕೊಂಡು.

"ಏನಂದ್ರು ಸಾಹೇಬ್ರು?"

"ಐದೂವರೆಗೆ ಕಚೇರಿ ಬಿಡೋದು, ನೀನು ಐದೂವರೆಗೆ ಸಾಗರದಲ್ಲಿ ಹೆಂಗಿದ್ದೆ ಅಂದ್ರು!"

ತೀರ್ಥಹಳ್ಳಿಯ ಹಿರಿಯರು

ವಾಚಿಲ್ಲದವರಿಗಾಗಿ ನಾನೊಂದು ಹಳೇ ವಾಚು ಇಟ್ಟಿದ್ದೆ. ಅದು ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತು ಎಷ್ಟೋ ವರ್ಷ ಆಗಿತ್ತು. ಗಂಡು ಹುಡುಗರು ಅದನ್ನು ಕಟ್ಟಿಕೊಂಡು ಫೋಟೋ ತೆಗೆಸಿ, ಹೆಣ್ಣಿನ ಮನೆಗೆ ಕಳಿಸುತ್ತಿದ್ದರು.

ಒಂದು ದಿನ ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಬಂದ ಹಿರಿಯರೊಬ್ಬರು ನನ್ನ ಮೇಜಿನ ಮೇಲೆ ಮೂರು ಫೋಟೋ ಸಾಲಾಗಿ ಇಟ್ಟರು. ಮೂರರ ಬೆನ್ನಿಗೂ ನನ್ನ ಸ್ಟುಡಿಯೋದ್ದೇ ಸೀಲು.

"ಮೂವರೂ ನನ್ನ ಮಗಳನ್ನ ಕೇಳ್ತಿದ್ದಾರೆ. ನಾಳಿದ್ದು ಮಾತು ಕೊಡಬೇಕು. ಮೂವರ ಕೈಯಲ್ಲೂ ಒಂದೇ ವಾಚು, ಒಂದೇ ಟೈಮು. ಅವಳ ಬಾಳಿನ ಪ್ರಶ್ನೆ, ಸುಳ್ಳು ಹೇಳ್ಬೇಡಿ. ಸ್ವಂತ ವಾಚಿರೋನು ಯಾರು?"

ನನಗೆ ನಿಜಕ್ಕೂ ಹೆದರಿಕೆಯಾಯಿತು. ನಿಜ ಹೇಳಿದರೆ ಮೂರು ಸಂಬಂಧ ಮುರಿದು, ಮೂವರೂ ನನ್ನ ಹಲ್ಲು ಮುರಿಯುತ್ತಾರೆ. ಮುಚ್ಚಿಟ್ಟರೆ ಒಬ್ಬ ಹೆಣ್ಣುಮಗಳಿಗೆ ಮೋಸ. ತಲೆ ತಗ್ಗಿಸಿ ಹೇಳಿಬಿಟ್ಟೆ: "ಮೂವರದ್ದೂ ಅಲ್ಲ ರಾಯ್ರೆ. ಆ ವಾಚು ನಂದು."

ಅವರು ಮೂರೂ ಫೋಟೋ ಮಗುಚಿಟ್ಟರು. ಕನ್ನಡಕ ಸರಿಮಾಡಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದರು:

"ನಿಮಗೆ ಮದುವೆ ಆಗಿದ್ಯಾ?"