ಉಡಿಯಲ್ಲಿ ಕೂರುವ ಅಳತೆ

ಹೆದರಿಕೆಗೆ ಅಂತ ಮನೆಗೆ ತಂದ ವಸ್ತುವಿನಿಂದ ನಗೆಪಾಟಲು ಆಗದೇ ಇದ್ದದ್ದನ್ನು ನಾನಂತೂ ಕಂಡಿಲ್ಲ. ನಾಯಿ ತಂದರೆ ಅದು ಮೊದಲು ಬೀಗರನ್ನೇ ಕಚ್ಚುತ್ತದೆ. ಬೀಗ ತಂದರೆ ಕೀಲಿಕೈ ಒಳಗೇ ಉಳಿಯುತ್ತದೆ. ನಮ್ಮ ಯಜಮಾನರು ಪಿಸ್ತೂಲು ತಂದರು. ಅದರಿಂದ ಆದದ್ದನ್ನು ಹೇಳಿದರೆ ಕೇಳಿದವರೆಲ್ಲ ನಗುತ್ತಾರೆ. ನಾನೂ ನಗುತ್ತೇನೆ, ಆಮೇಲೆ ಸ್ವಲ್ಪ ಹೊತ್ತು ಮನಸ್ಸು ಸರಿ ಇರುವುದಿಲ್ಲ.

ಕೊಳ್ಳೇಗಾಲ ಇನ್ನೂ ಮದ್ರಾಸು ಸೀಮೆಗೆ ಸೇರಿದ್ದ ಕಾಲ ಅದು. ನಾನು ಅಲ್ಲಿ ರೇಷ್ಮೆ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಯಜಮಾನರು ಗುಂಡಗೆ, ಕುಳ್ಳಗೆ, ಬಾಯ್ತುಂಬ ಎಲೆಯಡಿಕೆ ಹಾಕಿಕೊಂಡು ಎಲ್ಲರನ್ನೂ ನಂಬುವ ಮನುಷ್ಯ. ರೇಷ್ಮೆಗೂಡು ಕೊಳ್ಳಲು ಹನೂರಿಗೆ ಗಾಡಿ ಕಟ್ಟಿಸಿಕೊಂಡು ಹೋಗುವಾಗ ದಾರಿಯಲ್ಲಿ ಯಾರು ಕೈ ಅಡ್ಡ ಹಿಡಿದರೂ ಹತ್ತಿಸಿಕೊಳ್ಳುವರು. ನಾನು ಹಿಂದೆ ಕಾಲು ಇಳಿಬಿಟ್ಟುಕೊಂಡು ಕೂರಬೇಕಾಗುತ್ತಿತ್ತು.

ಯಳಂದೂರಿನಲ್ಲಿ ಅವರಿಗೊಬ್ಬ ಗೆಳೆಯರಿದ್ದರು. ಜಮೀನುದಾರರು, ಬಾಗಿಲು ಬಗ್ಗಿ ಬರಬೇಕಾದಷ್ಟು ಎತ್ತರದ ಆಳು. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಕೂಲಿಮಠದಲ್ಲಿ ಅಕ್ಷರ ತಿದ್ದಿದವರು. ಯಜಮಾನರು ಗಾಡಿ ಇಳಿದ ಕೂಡಲೇ ಗೆಳೆಯರು ಅವರನ್ನು ಅಪ್ಪಿ ನೆಲದಿಂದ ಎತ್ತಿಬಿಡುವರು. ಯಜಮಾನರ ಕಾಲು ಗಾಳಿಯಲ್ಲಿ ಆಡುತ್ತಿದ್ದರೆ ಯಳಂದೂರಿಗೆ ಬಂದೆವು ಅಂತ ಲೆಕ್ಕ. ಯಜಮಾನರ ಒಬ್ಬಳೇ ಮಗಳನ್ನು ಆ ಗೆಳೆಯರ ಮಗನಿಗೇ ಕೊಡುವುದೆಂದು ಮಾತಾಗಿತ್ತು.

ನಯ ಮತ್ತು ದಪ್ಪ

ಹನೂರು ದಾರಿಯ ಕಾಡಂಚಿನಲ್ಲಿ ಯಾರೋ ಒಬ್ಬ ವ್ಯಾಪಾರಿಯನ್ನು ಅಡ್ಡಹಾಕಿದರಂತೆ ಎಂಬ ಸುದ್ದಿ ಹುಟ್ಟಿತು. ಆ ವ್ಯಾಪಾರಿ ಯಾರು ಅಂತ ಇವತ್ತಿನವರೆಗೂ ಗೊತ್ತಾಗಿಲ್ಲ. ಆದರೂ ಯಜಮಾನರು ಲೈಸೆನ್ಸಿಗೆ ಓಡಾಡಿ, ಕೊನೆಗೆ ನನ್ನನ್ನು ಕರೆದುಕೊಂಡು ಕೊಯಮತ್ತೂರಿನ ಬಂದೂಕಿನ ಅಂಗಡಿಗೆ ಹೋದರು.

ಅಂಗಡಿಯವನು ಮೇಜಿನ ಮೇಲೆ ಬಟ್ಟೆ ಹಾಸಿ ಮೂರು ಕೈಪಿಸ್ತೂಲು ಸಾಲಾಗಿ ಇಟ್ಟ. ಒಂದು ಇಪ್ಪತ್ತೈದು, ಒಂದು ಮೂವತ್ತೆರಡು, ಒಂದು ಮೂವತ್ತೆಂಟು. ಅದು ಗುಂಡಿನ ಅಳತೆಯಂತೆ, ಅಂಕಿ ಏರಿದಷ್ಟೂ ಗುಂಡು ದಪ್ಪ, ಏಟು ಜೋರು. ಮೂವತ್ತೆಂಟು ತಗುಲಿದರೆ ಮನುಷ್ಯ ಬಿದ್ದ ಎಂದು ತಿಳಿಯಿರಿ, ಮೂವತ್ತೆರಡಕ್ಕೆ ಕೂರುತ್ತಾನೆ, ಇಪ್ಪತ್ತೈದಕ್ಕೆ ನಿಮ್ಮ ಮೇಲೆ ಸಿಟ್ಟಾದರೂ ಆಗಬಹುದು ಎಂದು ಅವನು ಪ್ರಾಮಾಣಿಕವಾಗಿಯೇ ಹೇಳಿದ.

ಯಜಮಾನರು ಹುಟ್ಟಿದಾಗಿನಿಂದ ನೂಲು ಮುಟ್ಟಿ ನೋಡಿದವರು. ಅವರ ಪಾಲಿಗೆ ನಯವಾದದ್ದು ಮೇಲು, ದಪ್ಪವಾದದ್ದು ಕೀಳು. ಮೂವತ್ತೆಂಟನ್ನು ಎತ್ತಿ ನೋಡಿ, ಯಾರೋ ಒರಟು ನೂಲು ತಂದಾಗ ಮಾಡುವ ಹಾಗೆ ಮುಖ ಮಾಡಿ ಪಕ್ಕಕ್ಕಿಟ್ಟರು. ಮೂವತ್ತೆರಡನ್ನು ಸೊಂಟದಲ್ಲಿ ಪಂಚೆಯ ಉಡಿಗೆ ಸಿಕ್ಕಿಸಿಕೊಂಡು ಅಂಗಡಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಎದುರಿಗೆ ಇಲ್ಲದ ಎಲೆಯಿಂದ ಅನ್ನ ಕಲಸಿ ಬಾಯಿಗಿಟ್ಟ ಹಾಗೆ ಬಗ್ಗಿದರು. ಹಿಡಿ ಹೊಟ್ಟೆಗೆ ಒತ್ತಿತು. ಇಪ್ಪತ್ತೈದನ್ನು ಸಿಕ್ಕಿಸಿಕೊಂಡು ಅದೇ ರೀತಿ ಉಂಡರು. ಒತ್ತಲಿಲ್ಲ.

ಅಂಗಡಿಯವನು ಇಷ್ಟು ವರ್ಷದಲ್ಲಿ ಪಿಸ್ತೂಲನ್ನು ಹೀಗೆ ಪರೀಕ್ಷೆ ಮಾಡಿದವರನ್ನು ನೋಡಿರಲಿಲ್ಲ. ಆದರೆ ವ್ಯಾಪಾರಿ ತಾನೆ, ಕೂಡಲೇ ಹೊಗಳಿದ. ಇದು ಸೊಂಟದಲ್ಲಿ ಇರುವುದೇ ನಿಮಗೆ ಮರೆತುಹೋಗುತ್ತದೆ, ನೋಡಿ ಬೇಕಾದರೆ, ಎಂದ. ಯಜಮಾನರು ನನ್ನ ಕಡೆ ತಿರುಗಿ, "ಊಟಕ್ಕೆ ಅಡ್ಡ ಬರ್ದೇ ಇರೋದು ಇದೊಂದೇ ಕಣ್ಲಾ" ಅಂದರು. ಕಳ್ಳನಿಗೆ ಯಾವುದು ಸರಿ ಎಂದು ನಾವಿಬ್ಬರೂ ಕೇಳಲೇ ಇಲ್ಲ.

ಅಮ್ಮನವರ ಗಂಟು

ಪಿಸ್ತೂಲಿಗೆ ಒಂದು ತೊಗಲಿನ ಚೀಲ ಕೊಟ್ಟಿದ್ದರು. ಯಜಮಾನರ ಮನೆಯವರು, ನಾವೆಲ್ಲ ಅಮ್ಮನವರು ಅನ್ನುತ್ತಿದ್ದೆವು, ಲಿಂಗಪೂಜೆ ಮುಗಿಸದೆ ನೀರನ್ನೂ ಮುಟ್ಟದವರು. ತೊಗಲು ನಡುಮನೆ ದಾಟಬಾರದು ಅಂದುಬಿಟ್ಟರು. ಗಂಡ ಅದನ್ನು ಜಗಲಿಯಲ್ಲಿ ಇಟ್ಟರೆ ಕಳ್ಳನಿಗೇ ಕೊಟ್ಟ ಹಾಗಾಗುತ್ತದೆ. ಕೊನೆಗೆ ಅಮ್ಮನವರೇ ಮಂಡಿಯ ತುಂಡು ರೇಷ್ಮೆಯಲ್ಲಿ ಒಂದು ಕೆಂಪು ಚೀಲ ಹೊಲಿದು, ದಾರ ಪೋಣಿಸಿ, ಜಾರಿ ಬೀಳದಂತೆ ಗಂಟು ಹಾಕಿಕೊಟ್ಟರು. ನೋಡಿದವರು ಎಲೆಯಡಿಕೆ ಚೀಲ ಅಂತಲೇ ತಿಳಿಯಬೇಕು.

ಆ ಗಂಟು ಬಿಚ್ಚಲು ಅಮ್ಮನವರಿಗೆ ಮಾತ್ರ ಬರುತ್ತಿತ್ತು. ದಾರಿಯಲ್ಲಿ ಕಳ್ಳ ಸಿಕ್ಕಿದರೆ ಯಜಮಾನರು ಒಂದು ಸಲ ಮನೆಗೆ ಹೋಗಿ ಬರಬೇಕಿತ್ತು.

ಗಡಿಯ ನ್ಯಾಯ

ಲೈಸೆನ್ಸು ಮದ್ರಾಸು ಸೀಮೆಗೆ ಮಾತ್ರ. ಯಳಂದೂರು ಮೈಸೂರಿಗೆ ಸೇರಿದ್ದು, ಅಲ್ಲಿ ಪಿಸ್ತೂಲು ಇಟ್ಟುಕೊಂಡು ಹೋದರೆ ಯಜಮಾನರೇ ಅಪರಾಧಿ. ಹಾಗಾದರೆ ಗಡಿ ದಾಟಿದ ಮೇಲೆ ಕಳ್ಳ ಬಂದರೆ ಏನು ಮಾಡಲಿ ಎಂದು ಅವರು ನಮ್ಮ ಪೊಲೀಸು ಇನ್ಸ್‌ಪೆಕ್ಟರನ್ನು ವಿನಯದಿಂದಲೇ ಕೇಳಿದರು. ಇನ್ಸ್‌ಪೆಕ್ಟರು ಬಹಳ ಯೋಚಿಸಿ, ಓಡಿ ನಮ್ಮ ಕಡೆಗೆ ಬನ್ನಿ, ಕಳ್ಳನೂ ಹಿಂದೆ ಬಂದರೆ ಆಮೇಲೆ ಹೊಡೆಯಿರಿ ಎಂದರು.

ಅಂದಿನಿಂದ ಯಳಂದೂರಿಗೆ ಹೋಗುವಾಗ ಚೀಲವನ್ನು ಅಮ್ಮನವರ ವಶಕ್ಕೆ ಕೊಟ್ಟು ಹೋಗುವ ಪದ್ಧತಿಯಾಯಿತು.

ಬೆಂಕಿಪೊಟ್ಟಣ

ಒಂದು ಮಧ್ಯಾಹ್ನ ಹನೂರಿನಿಂದ ವಾಪಸು ಬರುತ್ತಿದ್ದೆವು. ಕಾಡಂಚಿನ ತಿರುವಿನಲ್ಲಿ ಮೂವರು ಗಂಡಸರು ಎದ್ದು ಗಾಡಿಗೆ ಕೈ ಅಡ್ಡ ಹಿಡಿದರು. ಹಿಂದೆ ಆಗಿದ್ದರೆ ಯಜಮಾನರು ನನ್ನನ್ನು ಪಕ್ಕಕ್ಕೆ ಸರಿಸಿ ಅವರಿಗೆ ಜಾಗ ಮಾಡುತ್ತಿದ್ದರು. ಈಗ ಸೊಂಟದಲ್ಲಿ ಪಿಸ್ತೂಲು ಇದೆಯಲ್ಲ, ಅದಕ್ಕೇ ಹೆದರಿಕೊಂಡರು.

ಆ ಮೂವರು ಮಾರ್ಟಳ್ಳಿ ಕಡೆಯವರು, ಬೀಡಿಗೆ ಬೆಂಕಿ ಬೇಕಿತ್ತು. ಒಬ್ಬ ಬೀಡಿ ತೋರಿಸಿ ತಮಿಳಿನಲ್ಲಿ ಕೇಳಿದ. ಹೆದರಿಕೆಯಲ್ಲಿ ಯಜಮಾನರಿಗೆ ಅದು ಕಿವಿಗೇ ಬೀಳಲಿಲ್ಲ. ಉಡಿಯಿಂದ ಕೆಂಪು ಚೀಲ ತೆಗೆದು ಗಂಟಿನ ಜೊತೆ ಒದ್ದಾಡತೊಡಗಿದರು. ಬೆಂಕಿಪೊಟ್ಟಣ ತೆಗೆಯುತ್ತಿದ್ದಾರೆ ಅಂದುಕೊಂಡು ಮೂವರೂ ಕೈಕಟ್ಟಿ ಕಾದರು. ಎಷ್ಟು ಹೊತ್ತಾದರೂ ಗಂಟು ಬಿಚ್ಚಲಿಲ್ಲ. ಅವರಲ್ಲಿ ಹಿರಿಯನಿಗೆ ಪಾಪ ಅನ್ನಿಸಿತೇನೋ, "ಇಂಗ ಕುಡುಂಗ ಸಾಮಿ" ಎಂದು ಚೀಲವನ್ನು ತಾನೇ ಇಸಕೊಂಡು, ಹಲ್ಲಿನಿಂದ ಕಚ್ಚಿ ಗಂಟು ಬಿಚ್ಚಿ, ಮರ್ಯಾದೆಯಿಂದ ಯಜಮಾನರ ಕೈಗೇ ವಾಪಸು ಕೊಟ್ಟ.

ಯಜಮಾನರು ಪಿಸ್ತೂಲು ಹೊರಗೆ ತೆಗೆದರು. ಮೂವರೂ ಹೊಲಕ್ಕೆ ಬಿದ್ದು ಓಡಿದ ರಭಸಕ್ಕೆ ಅವರ ಕಡಲೆಕಾಯಿ ಗಂಟು ರಸ್ತೆಯಲ್ಲೇ ಉಳಿಯಿತು. ಹೊಸದಾಗಿ ಕಿತ್ತ ಕಾಯಿ, ಇನ್ನೂ ಮಣ್ಣು ಹತ್ತಿಕೊಂಡಿತ್ತು. ಯಜಮಾನರು ಗಾಡಿಯಿಂದ ಇಳಿದು, ಪಿಸ್ತೂಲು ಹಿಡಿದ ಕೈಯನ್ನೇ ಬೀಸುತ್ತಾ, ನಿಮ್ಮ ಗಂಟು ತಕೊಂಡು ಹೋಗಿ ಎಂದು ಕೂಗಿ ಕರೆದರು. ಅವರು ಇನ್ನೂ ಜೋರಾಗಿ ಓಡಿದರು.

ಆ ಗಂಟನ್ನು ಯಜಮಾನರು ಹನೂರಿಗೆ ಹೋಗುವಾಗೆಲ್ಲ ಗಾಡಿಯಲ್ಲಿ ಇಟ್ಟುಕೊಂಡು ಆ ತಿರುವಿನಲ್ಲಿ ಕಾಯುತ್ತಿದ್ದರು. ಯಾರೂ ಬರಲಿಲ್ಲ. ಸುದ್ದಿ ಹಬ್ಬಿಬಿಟ್ಟಿತ್ತು, ಆಮೇಲೆ ಆ ದಾರಿಯಲ್ಲಿ ನಮ್ಮ ಗಾಡಿಗೆ ಒಬ್ಬರೂ ಕೈ ಅಡ್ಡ ಹಿಡಿಯಲಿಲ್ಲ. ನನಗೆ ಕಾಲು ಚಾಚಲು ಜಾಗವೇನೋ ಸಿಕ್ಕಿತು, ಆದರೆ ಮಾತಿಲ್ಲದ ಆ ದಾರಿ ಬಹಳ ಉದ್ದವಾಗಿಬಿಟ್ಟಿತು. ಅಮ್ಮನವರು ಇದೆಲ್ಲ ಕೇಳಿ, ಚೀಲದ ಗಂಟನ್ನು ಬದಲಾಯಿಸಿ, ಎಳೆದರೆ ಬಿಚ್ಚುವ ಕುಣಿಕೆ ಹಾಕಿಕೊಟ್ಟರು.

ಅಪ್ಪುಗೆ

ಮಗಳ ನಿಶ್ಚಿತಾರ್ಥ ಯಳಂದೂರಿನಲ್ಲಿ, ಗೆಳೆಯರ ಮನೆಯಲ್ಲಿ. ಹಿಂದಿನ ದಿನವೆಲ್ಲ ಯಜಮಾನರು ಹನೂರಿಗೆ ಓಡಾಡಿದ್ದರು. ಬೆಳಿಗ್ಗೆ ಮನೆಯ ತುಂಬ ಸೀರೆ, ಹಣ್ಣು, ನೆಂಟರು. ಹೊಸ ಪಂಚೆ ಉಟ್ಟು ಅಭ್ಯಾಸದಂತೆ ಚೀಲ ಸಿಕ್ಕಿಸಿಕೊಂಡರು. ಅಮ್ಮನವರು ಹೆಣ್ಣಿಗೆ ಹೂ ಮುಡಿಸುವ ಗಡಿಬಿಡಿಯಲ್ಲಿ ಚೀಲ ಕೇಳಲಿಲ್ಲ. ಅಂಗಡಿಯವನು ಹೇಳಿದ್ದು ಅಕ್ಷರಶಃ ನಿಜವಾಯಿತು. ಅದು ಸೊಂಟದಲ್ಲಿ ಇರುವುದೇ ಯಜಮಾನರಿಗೆ ಮರೆತುಹೋಯಿತು.

ಮಾಂಬಳ್ಳಿ ದಾಟಿ ಯಳಂದೂರು ಸೇರಿ, ವೀಳ್ಯ ಬದಲಾಯಿಸಿದ್ದಾಯಿತು. ಇನ್ನು ಬೀಗರು ಅಪ್ಪಿಕೊಳ್ಳಬೇಕು ಎಂದು ಅಯ್ಯನವರು ಹೇಳಿದರು. ಗೆಳೆಯರು ಎಂದಿನಂತೆ ಯಜಮಾನರನ್ನು ಅಪ್ಪಿ ಎತ್ತಿದರು. ಎದೆಗೆ ಗಟ್ಟಿಯಾಗಿ ತಾಗಿದ್ದು ಲಿಂಗದ ಕರಡಿಗೆ, ಅದು ಇಬ್ಬರಿಗೂ ಗೊತ್ತು. ಸೊಂಟದಲ್ಲಿ ಇನ್ನೊಂದು ಗಟ್ಟಿಯಾಗಿ ತಾಗಿತು. ಇಳಿಸಿ, ಎಲೆಯಡಿಕೆ ಚೀಲ ಇರಬೇಕೆಂದು ನಗುತ್ತಲೇ ಎಳೆದುಕೊಂಡರು, ಅಳಿಯನಿಗೆ ಏನು ಬಚ್ಚಿಟ್ಟುಕೊಂಡು ಬಂದಿದ್ದೀಯ ಎಂದು ಕೇಳುತ್ತಾ ಕುಣಿಕೆ ಎಳೆದರು. ಈ ಸಲ ಬಹಳ ಸಲೀಸಾಗಿ ಬಿಚ್ಚಿತು.

ತುಂಬಿದ ಸಭೆಯ ಎದುರು ಪಿಸ್ತೂಲು ಹೊರಗೆ ಬಂತು. ಎದುರಿಗೆ ಕೂತಿದ್ದ ಮೈಸೂರು ಕಡೆಯ ಪಟೇಲರು ತಾವು ಏನನ್ನೂ ನೋಡಿಲ್ಲವೆಂಬಂತೆ ತೊಲೆಗಳನ್ನು ಎಣಿಸತೊಡಗಿದರು. ಯಜಮಾನರು ಗೆಳೆಯರ ಮುಖವನ್ನೇ ನೋಡುತ್ತಾ, "ಮರ್ತೋಗಿತ್ತು ಕಣ್ಲಾ, ನಿನ್ನಾಣೆ" ಅಂದರು. ಪಿಸ್ತೂಲು ಮರೆತು ಬಂದೆ ಅನ್ನುವವರನ್ನು ಜನ ನಂಬುತ್ತಾರೆ. ಮರೆತು ತಂದೆ ಅಂದರೆ ಯಾರು ನಂಬುತ್ತಾರೆ?

ಗೆಳೆಯರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತೂಗಿ ನೋಡಿದರು. ಅವರ ಅಂಗೈಯಲ್ಲಿ ಅದು ಮಕ್ಕಳ ಆಟದ ಸಾಮಾನಿನ ಹಾಗೆ ಕಂಡಿತು.

"ಇಷ್ಟು ಸಣ್ಣದ್ಯಾಕ್ ತಂದ್ಲಾ? ನನ್ ಗಾತ್ರಕ್ಕೆ ಇದು ಸಾಲ್ದಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ಪಟೇಲರೂ ತೊಲೆ ಬಿಟ್ಟು ನಕ್ಕರು. ಗೆಳೆಯರು ಚೀಲಕ್ಕೆ ಹಾಕಿ, ಕುಣಿಕೆ ಬಿಗಿದು ಯಜಮಾನರ ಕೈಯಲ್ಲಿಟ್ಟು ಊಟಕ್ಕೆ ಎಬ್ಬಿಸಿದರು. ಮದುವೆ ನಿಲ್ಲಲಿಲ್ಲ, ಮಾತು ಕೆಡಲಿಲ್ಲ. ಮರುದಿನವೇ ಯಜಮಾನರು ಪಿಸ್ತೂಲನ್ನು ಕೊಳ್ಳೇಗಾಲದ ಠಾಣೆಗೆ ಒಪ್ಪಿಸಿ ಬಂದರು.

ಮುಂದೆ ಮದುವೆಯ ದಿನ ಗೆಳೆಯರು ಅಪ್ಪಿಕೊಳ್ಳುವ ಮೊದಲು ಯಜಮಾನರ ಸೊಂಟವನ್ನು ಎರಡೂ ಕೈಯಿಂದ ತಡವಿದರು. ಯಜಮಾನರು ಕೈ ಮೇಲೆತ್ತಿ ನಿಂತರು. ಚಪ್ಪರದವರೆಲ್ಲ ನಕ್ಕರು. ಆಮೇಲೆ ಅದೇ ವಾಡಿಕೆಯಾಯಿತು. ಹಬ್ಬವಿರಲಿ, ಮೊಮ್ಮಗನ ನಾಮಕರಣವಿರಲಿ, ಯಜಮಾನರು ಗಾಡಿ ಇಳಿದು ಕೈ ಎತ್ತುವರು, ಗೆಳೆಯರು ತಡವುವರು, ಮನೆಯವರು ನಗುವರು, ಆಮೇಲೆ ಅಪ್ಪುಗೆ. ಇಬ್ಬರೂ ನಗುತ್ತಲೇ ಇದ್ದರು, ಆದರೆ ತಡವದೆ ಒಂದು ಸಲವೂ ಅಪ್ಪಿಕೊಳ್ಳಲಿಲ್ಲ, ಅಪ್ಪಿಕೊಂಡಾಗಲೂ ಯಜಮಾನರ ಕಾಲು ನೆಲ ಬಿಟ್ಟು ಮೇಲೇಳಲಿಲ್ಲ.

ಒಂದು ಸಲ ನಾಮಕರಣ ಮುಗಿಸಿ ವಾಪಸು ಬರುವಾಗ ಯಜಮಾನರು ಗಾಡಿಯಲ್ಲಿ ಖಾಲಿ ಸೊಂಟವನ್ನು ಸವರಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಆವತ್ತು ಮೂವತ್ತೆಂಟೇ ತಗಂಡ್ಬುಡ್ಬೇಕಿತ್ತು ಕಣ್ಲಾ," ಅಂದರು. "ಉಣ್ಣಾಕೆ ಕೂತ್ರೆ ಒಟ್ಟೆಗೆ ಒತ್ತೋದು. ಬೀಗರ ಮನೆ ಊಟಕ್ಕೆ ಓಗೋವಾಗ ನೆಪ್ಪಾಗಿ ಮನೇಲೇ ಬುಟ್ಟು ಓಗಿರ್ತಿದ್ದೆ."