ಮೂರು ಒಂದನೇ ಪುಸ್ತಕಗಳೂ ಮಾವನವರ ಕಣ್ಣೂ

ಪುಸ್ತಕವನ್ನು ಎಲ್ಲಿಂದ ಓದಲು ಶುರು ಮಾಡಬೇಕು? ಇಂಗ್ಲಿಷ್ ಎಂ.ಎ. ಮುಗಿಸಿ ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನಂಥವನಿಗೆ ಇದೊಂದು ಪ್ರಶ್ನೆಯೇ ಅಲ್ಲ ಎಂದು ನಾನು ನಂಬಿದ್ದೆ. ಎಂಬತ್ತರ ದಶಕದ ಕೊನೆಯ ಆ ಬೇಸಿಗೆಯವರೆಗೂ ನಂಬಿದ್ದೆ. ಆಮೇಲೆ ನನ್ನನ್ನು ನಂಬುವವರು ಯಾರೂ ಉಳಿಯಲಿಲ್ಲ, ನನ್ನನ್ನೂ ಸೇರಿಸಿ!

ಪ್ರಶ್ನೆ ಕೇಳಿದವರು ನನ್ನ ಮಾವನವರು. ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರು. ಅವರಿಗೆ ಎರಡೇ ಹುಚ್ಚು. ಒಂದು, ಎಲ್ಲವೂ ಕ್ರಮದಲ್ಲಿರಬೇಕು. ಎಲೆಯ ಮೇಲೆ ಚಟ್ನಿಯ ಜಾಗದಲ್ಲಿ ಕೋಸಂಬರಿ ಬಿದ್ದರೆ ಊಟ ಬಿಟ್ಟು ಎದ್ದಾರು. ಎರಡು, ಟಿ.ವಿ.ಯಲ್ಲಿ ಭಾನುವಾರ ಬರುತ್ತಿದ್ದ ಒಂದು ಪರದೇಶದ ಧಾರಾವಾಹಿ. ನಕ್ಷತ್ರಗಳ ನಡುವೆ ಅಲೆಯುವ ಒಂದು ನೌಕೆ, ಅದಕ್ಕೊಬ್ಬ ಕ್ಯಾಪ್ಟನ್ ಡಾಲ್ಟನ್, ಅವನ ಜೊತೆಗೆ ನೀಲಿ ಮೈಬಣ್ಣದ ಡಾಕ್ಟರ್ ವೇರಾ. ಮಾವನವರು ಸಂಧ್ಯಾವಂದನೆ ಮುಗಿಸಿ, ಶಲ್ಯ ಹೊದ್ದು, ಕಪ್ಪುಬಿಳುಪು ಟಿ.ವಿ.ಯ ಮುಂದೆ ಕೈಕಟ್ಟಿ ಕೂರುತ್ತಿದ್ದರು. ಕಪ್ಪುಬಿಳುಪಿನಲ್ಲಿ ನೀಲಿ ಹೇಗೆ ಕಂಡಿತು ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಒಂದು ಭಾನುವಾರ ನೌಕೆ ಆಕಾಶದ ಯಾವುದೋ ಕಪ್ಪು ಕುಳಿಗೆ ಬಿತ್ತು. ಮುಂದಿನ ಭಾನುವಾರ ಅದೇ ಹೊತ್ತಿಗೆ ರೈತರ ಕಾರ್ಯಕ್ರಮ ಬಂತು. ಕ್ಯಾಪ್ಟನ್ ಕುಳಿಯೊಳಗೆ, ಟಿ.ವಿ.ಯೊಳಗೆ ಎರೆಹುಳು ಗೊಬ್ಬರ! ಮಾವನವರು ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಆಗ ಯಾರೋ ಪುಣ್ಯಾತ್ಮರು ಅವರಿಗೆ ಹೇಳಿದರು: ಈ ಕಥೆ ಕಾದಂಬರಿಗಳಲ್ಲಿ ಮುಂದುವರಿದಿದೆ, ಒಂದಲ್ಲ ಎರಡಲ್ಲ, ಗಾಡಿಗಟ್ಟಲೆ ಇವೆ, ಒಬ್ಬರಲ್ಲ ಹತ್ತಾರು ಜನ ಕೂಡಿ ಬರೆದಿದ್ದಾರೆ.

ಅಷ್ಟರಲ್ಲಿ ಮಾವನವರ ಕಣ್ಣಿಗೆ ಪೊರೆ ಬಂತು. ಎಡಗಣ್ಣು ಬಹಳ ಹಿಂದೆಯೇ ಮಸುಕಾಗಿತ್ತು. ಉಳಿದದ್ದು ಬಲಗಣ್ಣೊಂದೇ. ಕಲಬುರಗಿಗೆ ಕರೆತಂದು ಆಪರೇಷನ್ ಮಾಡಿಸಿದೆವು. ಡಾಕ್ಟರು ಎರಡೂ ಕಣ್ಣಿಗೆ ಪಟ್ಟಿ ಸುತ್ತಿ, ನನ್ನನ್ನೂ ನನ್ನ ಹೆಂಡತಿ ಸುಧಾಳನ್ನೂ ಹೊರಗೆ ಕರೆದು ಹೇಳಿದರು.

"ನೋಡ್ರಿ, ಪಟ್ಟಿ ಬಿಚ್ಚೋತನಕ ಮಲಗೇ ಇರ್ಬೇಕು. ಕೆಮ್ಮಬಾರ್ದು. ಅಳಬಾರ್ದು. ಹೊಟ್ಟಿ ಹಿಡ್ಕೊಂಡು ನಗಬಾರ್ದು. ಹೊಲಿಗಿ ಬಿಚ್ಚಿದ್ರ ಕಣ್ಣು ಹೋತಂತ ತಿಳ್ಕೋರಿ."

ಕೆಮ್ಮಿಗೆ ಔಷಧ ಇತ್ತು. ಆದರೆ ಮಲಗಿಸುವುದಕ್ಕೆ ಔಷಧ ಎಲ್ಲಿದೆ? ಅದೇ ಊರಿನ ಗಾಜಿಪುರ ಬಡಾವಣೆಯ ನಮ್ಮ ಮನೆಗೆ ಬಂದ ಅರ್ಧ ತಾಸಿನೊಳಗೆ ಮಾವನವರು ಎದ್ದು ಗೋಡೆ ಹಿಡಿದು ಹೊರಟಿದ್ದರು. ಕಮಲಾಪುರದ ತಮ್ಮ ಹಾಸಿಗೆಯ ಮೇಲೆ ಮಾತ್ರ ಮಲಗುವುದಾಗಿ, ಅದೂ ಒಂದು ಷರತ್ತಿನ ಮೇಲೆ, ಕೊನೆಗೆ ಒಪ್ಪಿದರು.

"ಅಳಿಯದೇವ್ರ, ಆ ಕ್ಯಾಪ್ಟನ್‌ನ ಪುಸ್ತಕ ನೀವು ಓದ್ರಿ, ಕನ್ನಡದಾಗ ಹೇಳ್ರಿ. ನಾ ಮಿಸುಕದಂಗ ಕೇಳ್ತೀನಿ. ಆದ್ರ ಅಷ್ಟು ಪುಸ್ತಕದಾಗ ಎಲ್ಲಿಂದ ಶುರು ಮಾಡ್ಬೇಕು?"

"ಅದರಾಗೇನದ ಮಾವನವರ? ಒಂದರಿಂದ!" ಎಂದೆ ನಾನು.

"ಭೇಷ್! ಗಣಿತ ಬರ್ತದ ನಿಮಗ," ಎಂದರು. ಮದುವೆಯಾದಂದಿನಿಂದ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ನನಗೆ ನಿಜವಾಗಿಯೂ ಹಿಗ್ಗಾಯಿತು.

ಮರುದಿನವೇ ಹಳೇ ಪುಸ್ತಕ ಮಾರುವ ಖಾಜಾಮಿಯಾನ ಅಂಗಡಿಗೆ ಹೋದೆ. ಅಂಗಡಿ ಎಂದರೆ ನಾಲ್ಕು ಗೋಣಿಚೀಲ, ಒಂದು ಛತ್ರಿ. ಧಾರಾವಾಹಿಯ ಹೆಸರು ಹೇಳಿ, "ಒಂದನೇ ನಂಬರ್ ಬೇಕು" ಎಂದೆ. ಅವನು ಒಂದು ಚೀಲದೊಳಗೆ ಭುಜದವರೆಗೆ ಕೈಹಾಕಿ ತಡಕಾಡಿ ಮೂರು ಪುಸ್ತಕ ಎತ್ತಿ ಇಟ್ಟ. ಮೂರರ ಬೆನ್ನ ಮೇಲೂ 'ಒಂದು' ಎಂದು ಅಚ್ಚಾಗಿತ್ತು!

"ಮೂರು ಹ್ಯಾಂಗ ಒಂದಾಗ್ತಾವೋ ಖಾಜಾಮಿಯಾ?"

"ಸಾಬ್, ಒಂದ್ ಬೇಕಂದ್ರಿ, ಮೂರ್ ಕೊಟ್ಟೀನಿ. ಔರ್ ಕ್ಯಾ ಹೋನಾ?" ಎಂದು, ಇನ್ನೇನು ಬೇಕೆಂಬಂತೆ ಅವನೇ ಬೇಜಾರು ಮಾಡಿಕೊಂಡ.

ಈ ಕಾದಂಬರಿಗಳು ಒಂದೇ ಸಾಲಿನಲ್ಲಿ ಬಂದವಲ್ಲ, ಟಿಸಿಲೊಡೆದು ಮೂರು ಸಾಲಾಗಿ ಬಂದಿವೆ, ಪ್ರತಿ ಸಾಲಿಗೂ ತನ್ನದೇ ಒಂದು, ಎರಡು, ಮೂರು ಇದೆ ಎಂಬುದು ನನಗೆ ಯಾರು ಹೇಳಬೇಕು? ಮೂರನ್ನೂ ಕೊಂಡೆ. ಮೂರರಲ್ಲಿ ಮೊದಲಿನದು ಯಾವುದು ಎಂದು ಕಮಲಾಪುರದ ಬಸ್ಸಿನಲ್ಲಿ ಕೂತು ಪಾಂಡಿತ್ಯಪೂರ್ಣವಾಗಿ ವಿಚಾರ ಮಾಡಿದೆ. ಒಂದರ ಮುಖಪುಟದಲ್ಲಿ ಕ್ಯಾಪ್ಟನ್ ಡಾಲ್ಟನ್ನನ ಮುಖ ಅಂಚಿನಿಂದ ಅಂಚಿಗೆ ದೊಡ್ಡದಾಗಿತ್ತು. ನಾಯಕನ ಮುಖ ಇಷ್ಟು ದೊಡ್ಡದಿದ್ದ ಮೇಲೆ ಕಥೆ ಇಲ್ಲಿಂದಲೇ ಶುರುವಾಗಬೇಕು ಎಂದು ತೀರ್ಮಾನಿಸಿ ನಿದ್ದೆ ಹೋದೆ. ಒಳಗಿನ ಒಂದು ಹಾಳೆಯನ್ನೂ ತಿರುವಲಿಲ್ಲ. ಮುಖ ಯಾಕೆ ಅಷ್ಟು ದೊಡ್ಡದಿತ್ತು ಎಂಬುದು ಆಮೇಲೆ ತಿಳಿಯಿತು. ನಮ್ಮಲ್ಲೂ ಹಾಗೇ ಅಲ್ಲವೇ, ಫೋಟೋ ದೊಡ್ಡದು ಮಾಡಿಸುವುದು ಯಾರದ್ದು?

ಕಮಲಾಪುರದ ಮನೆಯ ಪಡಸಾಲೆಯಲ್ಲಿ ಮಾವನವರ ಮಂಚ. ಅದರ ಪಕ್ಕಕ್ಕೆ ಚಾಪೆ ಹಾಸಿ ಪುಸ್ತಕ ಹಿಡಿದು ಕೂತೆ. ಹೀಗೆ ಒಬ್ಬರು ಪುಸ್ತಕ ಹಿಡಿದು ಚಾಪೆಯ ಮೇಲೆ ಕೂತರೆ ನಮ್ಮ ಊರುಗಳಲ್ಲಿ ಅದಕ್ಕೆ ಪುರಾಣವೆಂದೇ ಹೆಸರು. ಪಕ್ಕದ ಮನೆಯ ಹಿರಿಯಳು ಶಾಂತಕ್ಕ ಬಾಗಿಲಲ್ಲಿ ಇಣುಕಿದಳು. ತನ್ನ ಮನೆಗೆ ಹೋಗಿ ಕೆಂಪು ಬಾಳೆಹಣ್ಣಿನ ಚಿಪ್ಪು ತಂದಳು. ಹಿಂದೆಯೇ ಓಣಿಯ ಹೆಂಗಸರೂ ಬಂದು ಕೂತರು. ಯಾರೋ ನನ್ನ ಮುಂದೆ ದೀಪ ಹಚ್ಚಿಟ್ಟರು!

"ಯಾವ ಪುರಾಣ ಹಚ್ಚೀರಿ ಅಳಿಯಾರ?" ಎಂದಳು ಶಾಂತಕ್ಕ.

"ಆಕಾಶದ್ದು," ಎಂದೆ. ಎಲ್ಲರೂ ಕೈಮುಗಿದರು.

ಗಂಟಲು ಸರಿಮಾಡಿಕೊಂಡು ಮೊದಲ ವಾಕ್ಯವನ್ನು ಓದಿ, ಅದರ ಅರ್ಥ ನನಗೇ ಹೊಳೆಯುವ ಮೊದಲೇ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಬಿಟ್ಟೆ: "ಕ್ಯಾಪ್ಟನ್ ಡಾಲ್ಟನ್ನನ ಹೆಣವನ್ನು ಧ್ವಜದಲ್ಲಿ ಸುತ್ತಿ, ನಕ್ಷತ್ರಗಳ ಕಡೆಗೆ ಬಿಟ್ಟರು."

ಮಾವನವರ ಕೆಳತುಟಿ ಅದುರತೊಡಗಿತು.

"ಹೋದನೇನು? ಡಾಲ್ಟನ್ ಹೋದನೇನು?" ಎಂದರು.

"ಅಪ್ಪಾ! ಅಳಬ್ಯಾಡ್ರಿ! ಹೊಲಿಗಿ!" ಎಂದು ಸುಧಾ ಕೂಗಿದಳು. ಉಳಿದಿದ್ದು ಅದೊಂದೇ ಕಣ್ಣು, ಅದನ್ನೂ ನಾನು ಒಂದೇ ವಾಕ್ಯದಲ್ಲಿ ಕಳೆಯಲಿದ್ದೆ. ಗಾಬರಿಯಿಂದ ಪುಸ್ತಕ ಮುಚ್ಚಿದೆ.

"ಮುಚ್ಚಬ್ಯಾಡ್ರಿ!" ಎಂದು ಶಾಂತಕ್ಕ ಅದಕ್ಕಿಂತ ಜೋರಾಗಿ ಕೂಗಿದಳು. "ಸಾವಿನ ಮ್ಯಾಲ ಪುರಾಣ ನಿಲ್ಲಿಸ್ತಾರೇನ್ರಿ? ಅದೂ ರೋಗಿ ಮಲಗಿದ ಮನ್ಯಾಗ! ಮಂಗಳ ಆಗೋತನಕ ಓದ್ರಿ. ಮದುವಿ ಆಗ್ಲಿ, ತೊಟ್ಟಿಲ ಆಗ್ಲಿ, ಪಟ್ಟ ಆಗ್ಲಿ, ಏನರೆ ಒಂದು ಆಗ್ಬೇಕು. ಅಲ್ಲೀತನಕ ಯಾರೂ ಏಳಂಗಿಲ್ಲ."

ಶಾಸ್ತ್ರವೇನೋ ಸರಿ. ನಾನು ಲಗುಬಗೆಯಿಂದ ಹಾಳೆ ತಿರುವಿದೆ. ಮೂರನೇ ಪುಟದಲ್ಲಿ ಒಂದು ಗ್ರಹ ಸಿಡಿಯಿತು. ಮುಂದೆ ಇನ್ನೊಂದು ಗ್ರಹದಲ್ಲಿ ಪ್ಲೇಗು. ಅದರಾಚೆ ನೌಕೆಗೆ ಬೆಂಕಿ. ಕೊನೆಯ ಪುಟಕ್ಕೆ ಹಾರಿದೆ. ಅಲ್ಲಿ ಉಳಿದವರೂ ಸಾಯುವುದರಲ್ಲಿದ್ದರು! ಇಡೀ ಪುಸ್ತಕದಲ್ಲಿ ಅರಿಷಿಣದ ಒಂದು ಚಿಟಿಕೆಯೂ ಇರಲಿಲ್ಲ. ಮಾವನವರ ತುಟಿ ಇನ್ನೂ ಅದುರುತ್ತಿತ್ತು. ಬೇರೆ ದಾರಿ ಕಾಣದೆ ನಾನು ಪುಸ್ತಕದ ಕಡೆ ನೋಡುತ್ತ ಪುಸ್ತಕದಲ್ಲಿಲ್ಲದ್ದನ್ನು ಹೇಳತೊಡಗಿದೆ.

"ಆದರೆ ಕ್ಯಾಪ್ಟನ್ ಡಾಲ್ಟನ್ ಸತ್ತಿರಲಿಲ್ಲ. ಪ್ರಾಣಾಯಾಮದಲ್ಲಿದ್ದ!"

"ಹಾಂ, ಹಂಗನ್ರಿ," ಎಂದು ಮಾವನವರು ಉಸಿರು ಬಿಟ್ಟರು. ತುಟಿ ನಿಂತಿತು.

"ಧ್ವಜ ಬಿಚ್ಚಿ ಎದ್ದು ಕೂತ. ಅದನ್ನು ಕಂಡು ಡಾಕ್ಟರ್ ವೇರಾ ಆನಂದದಿಂದ ಅವನ ಕೊರಳಿಗೆ ಮಾಲೆ ಹಾಕಿದಳು. ನೌಕೆಯಲ್ಲೇ ಮದುವೆಯಾಯಿತು. ಚಪ್ಪರದ ಬಾಳೆಗೊನೆ ಕಮಲಾಪುರದಿಂದ ತರಿಸಿದ್ದರು."

ಹೆಂಗಸರು ಅಕ್ಷತೆ ಹಾಕಿದರು. ನನ್ನ ತಲೆಯ ಮೇಲೆಯೇ ಹಾಕಿದರು, ವರ ಹತ್ತಿರದಲ್ಲಿ ಇರಲಿಲ್ಲವಲ್ಲ! ಮಂಗಳವಾಯಿತು. ಎಲ್ಲರೂ ಬಾಳೆಹಣ್ಣು ತಿಂದು ಎದ್ದರು.

ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಎಂ.ಎ. ಮರುದಿನ ಸಾವಿಲ್ಲದ ಪುಸ್ತಕವೇ ಬೇಕೆಂದು ಎರಡನೆಯ ಒಂದನೇ ಪುಸ್ತಕವನ್ನು ಹಿಡಿದೆ. ಈ ಸಲ ಜಾಣತನದಿಂದ ಮೊದಲೇ ನಾಲ್ಕು ಪುಟ ಓದಿಕೊಂಡೆ, ಯಾರೂ ಸಾಯಲಿಲ್ಲ. ಧೈರ್ಯವಾಗಿ ಶುರು ಮಾಡಿದೆ. ಡಾಲ್ಟನ್ ಎದ್ದ, ಹಲ್ಲುಜ್ಜಿದ, ಪಾಟಿಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟ. ಇದು ಅವನ ಬಾಲ್ಯದ ಕಥೆ!

"ನಿನ್ನಿ ಮದುವಿ ಆದಾತ ಇವತ್ತು ಸಾಲಿಗಿ ಹೊಂಟಾನೇನ್ರಿ?" ಎಂದಳು ಶಾಂತಕ್ಕ.

"ವಯಸ್ಕರ ಶಿಕ್ಷಣ," ಎಂದೆ ನಾನು ಒಂದು ಕ್ಷಣವೂ ತಡವರಿಸದೆ.

ಮಂಚದ ಮೇಲೆ ಮಾವನವರ ಹೊಟ್ಟೆ ಒಮ್ಮೆ ಕುಲುಕಿದಂತಾಯಿತು. ಸುಧಾ ನನ್ನ ಕಡೆ ಕೆಕ್ಕರಿಸಿ ನೋಡಿದಳು. ಅದು ಮೆಚ್ಚುಗೆಯ ನೋಟ ಎಂದುಕೊಂಡೆ.

ಆಶ್ಚರ್ಯವೆಂದರೆ ಆ ದಿನದ ನಂತರ ಮಾವನವರು ಆದರ್ಶ ಶ್ರೋತೃವಾಗಿಬಿಟ್ಟರು. ಅಳು ಇಲ್ಲ, ನಗು ಇಲ್ಲ, ಅಡ್ಡ ಪ್ರಶ್ನೆ ಇಲ್ಲ. ಕಲ್ಲಿನ ಮೂರ್ತಿಯ ಹಾಗೆ ಮಲಗಿ ಸರಿಯಾದ ಹೊತ್ತಿಗೆ "ಹೂಂ" ಎನ್ನುತ್ತಿದ್ದರು. ಸುಧಾ ಅವರ ಕಾಲ ಬಳಿ ಕೂತು ಪಾದ ಒತ್ತುತ್ತಿದ್ದಳು. ಕ್ರಮದ ಹುಚ್ಚಿನ ಮನುಷ್ಯನೊಬ್ಬನನ್ನು ಇಂಥ ಅಕ್ರಮದ ಕಥೆಯಲ್ಲಿ ಕಟ್ಟಿಹಾಕಿದೆನಲ್ಲ ಎಂದು ನನ್ನ ಕಲೆಯ ಬಗ್ಗೆ ನನಗೇ ಗೌರವ ಬಂತು. ಕಾಲೇಜಿನಲ್ಲಿ ನನ್ನ ಪಾಠಕ್ಕೆ ಕೊನೆಯ ಬೆಂಚಿನವರೂ ಇಷ್ಟು ಸುಮ್ಮನೆ ಕೂತದ್ದಿಲ್ಲ.

ಮೂರನೆಯ ಒಂದನೇ ಪುಸ್ತಕದಲ್ಲಿ ಡಾಲ್ಟನ್ನೇ ಇರಲಿಲ್ಲ. ನೌಕೆ ಬೇರೆ, ಕ್ಯಾಪ್ಟನ್ ಒಬ್ಬ ಹೆಣ್ಣುಮಗಳು.

"ನಮ್ಮ ಡಾಲ್ಟನ್ ಎಲ್ಲಿ ಹೋದ್ರಿ?" ಎಂದು ಪಡಸಾಲೆ ಒಕ್ಕೊರಲಿನಿಂದ ಕೇಳಿತು.

"ವರ್ಗ ಆಯ್ತು."

"ಎಲ್ಲಿಗಿ?"

ಬಾಯಿಗೆ ಬಂದ ಊರು ಹೇಳಿದೆ. "ರಾಯಚೂರಿಗೆ."

ಹೆಂಗಸರು ಸಿಟ್ಟಿಗೆದ್ದರು. ಹೊಸದಾಗಿ ಮದುವೆಯಾದವನನ್ನು ಹೆಂಡತಿ ಬಿಡಿಸಿ ವರ್ಗ ಮಾಡುವುದೇ? ಅದೂ ಬೇಸಿಗೆಯಲ್ಲಿ ರಾಯಚೂರಿಗೆ! ಒಬ್ಬಾಕೆ ತನ್ನ ಮೈದುನನಿಗೆ ಮಂತ್ರಿಗಳ ಕಡೆಯವರು ಗುರುತು, ಹೇಳಿಸಿದರೆ ವರ್ಗ ರದ್ದಾಗುತ್ತದೆ ಎಂದಳು. ಇನ್ನೊಬ್ಬಾಕೆ ಕಣ್ಣೊರೆಸಿಕೊಂಡಳು. ಶಾಂತಕ್ಕನಿಗೆ ಮಾತ್ರ ಬೇರೆಯೇ ಚಿಂತೆ.

"ಆ ನೀಲಿ ಹುಡುಗಿ ಒಬ್ಬಾಕಿನೇ ಉಳದಳಲ್ರಿ. ಏನರೆ ವಿಶೇಷ ಅದ ಏನ್ರಿ?"

ಆ ದಿನದ ಮಂಗಳ ಇನ್ನೂ ಬಾಕಿ ಇತ್ತು, ಪುಸ್ತಕದಲ್ಲಿ ಎಲ್ಲಿ ಹುಡುಕಿದರೂ ಯಂತ್ರಗಳೇ. ನನಗೂ ಹಸಿವಾಗಿತ್ತು. "ಅದ," ಎಂದುಬಿಟ್ಟೆ.

ಮರುದಿನ ಹೆಂಗಸರು ಹಸಿರು ಬಳೆ, ಖಣ, ಐದು ನಮೂನೆಯ ಬುತ್ತಿ ಹೊತ್ತು ಬಂದರು. ಡಾಕ್ಟರ್ ವೇರಾಳ ಕುಬಸ! ಬಸುರಿಗೆ ಹೊಸ ಕುಬಸ ತೊಡಿಸಿ ಉಡಿ ತುಂಬುವ ಶಾಸ್ತ್ರಕ್ಕೆ ಬಸುರಿಯೇ ಇಲ್ಲದಿದ್ದರೆ ಹೇಗೆ? ಪುಸ್ತಕವನ್ನೇ ಮಣೆಯ ಮೇಲೆ ಇಟ್ಟು, ಕುಂಕುಮ ಹಚ್ಚಿ, ಖಣ ಹೊದಿಸಿ ಆರತಿ ಎತ್ತಿದರು. ಸೋಬಾನೆ ಹಾಡಿದರು. ಪಡಸಾಲೆಯಲ್ಲಿ ಸಂಭ್ರಮವೋ ಸಂಭ್ರಮ. ಕೆಲವರು ನಕ್ಕು ನಕ್ಕು ಗೋಡೆಗೆ ಒರಗಿದ್ದರು. ಅದರ ನಟ್ಟನಡುವೆ ಮಾವನವರು ಒಂದು ಸ್ನಾಯುವನ್ನೂ ಅಲುಗಿಸದೆ ಮಲಗಿ, "ಹೂಂ" ಎಂದರು. ಅವರ ಕಣ್ಣು ಉಳಿಯುತ್ತದೆ ಎಂದು ನನಗೆ ಅಂದು ಖಾತ್ರಿಯಾಯಿತು. ಉಳಿಸಿದವನು ನಾನೇ ಎಂಬುದೂ ಖಾತ್ರಿಯಾಯಿತು.

ಪಟ್ಟಿ ಬಿಚ್ಚುವ ದಿನ ಮೂವರೂ ಕಲಬುರಗಿಗೆ ಬಂದೆವು. ಡಾಕ್ಟರು ಸುರುಳಿ ಸುರುಳಿಯಾಗಿ ಪಟ್ಟಿ ಬಿಚ್ಚಿದರು. ಸುಧಾ ನನ್ನ ತೋಳು ಹಿಡಿದುಕೊಂಡಿದ್ದಳು. ಮಾವನವರು ಮೆಲ್ಲಗೆ ಕಣ್ಣು ಬಿಟ್ಟರು. ದಪ್ಪ ಕನ್ನಡಕ ಏರಿಸಿ ಗೋಡೆಯ ಮೇಲಿನ ಅಕ್ಷರಗಳನ್ನು ಮೇಲಿನಿಂದ ಕೆಳಗಿನ ಸಾಲಿನವರೆಗೆ, ಕ್ರಮವಾಗಿ, ಓದಿಬಿಟ್ಟರು. ಸುಧಾ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು.

"ಒಂದು ಹೊಲಿಗಿನೂ ಅಲುಗಿಲ್ಲ!" ಎಂದರು ಡಾಕ್ಟರು. "ಇಷ್ಟು ಸುಮ್ನ ಹ್ಯಾಂಗ ಮಲಗಿದ್ರಿ ಮಾಸ್ತರ?"

ನಾನು ಒಂದು ಹೆಜ್ಜೆ ಮುಂದೆ ಬಂದು, ಅಂಗಿಯ ಕಾಲರ್ ಸರಿಮಾಡಿಕೊಂಡು, "ಅದರಾಗ ನಂದೊಂದು ಸಣ್ಣ ಸೇವಾ..." ಎಂದೆ.

"ಖರೇ ಅದ," ಎಂದರು ಮಾವನವರು. "ಇವರು ಓದ್ಲಾಕತ್ತಿದ್ದು ಕೇಳಿ ಮೊದಲನೇ ದಿನ ಅಳು ಬಂತು. ಎರಡನೇ ದಿನ ಆ ಡಾಲ್ಟನ್ ಸಾಲಿಗಿ ಹೋದಾಗ ನಗು ಒತ್ತಿ ಬಂತು, ಕಣ್ಣು ಚುರ್ ಅಂತು. ಇನ್ನ ಇವರ ಕತಿ ಕೇಳಿದ್ರ ಕಣ್ಣು ಉಳಿಯಂಗಿಲ್ಲ ಅಂತ ಹೆದರಿ, ಪಟ್ಟಿ ಒಳಗ ಎರಡೂ ಕಿವಿಗಿ ಹತ್ತಿ ತುರುಕಿಸ್ಕೊಂಡೆ."

"ಮತ್ತ... ಹೂಂ ಹೂಂ ಅಂತಿದ್ರಲ್ಲ?" ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ನಾ ಪಾದ ಒತ್ತಿದಾಗೆಲ್ಲ ಹೂಂ ಅನ್ರಿ ಅಂತ ಅಪ್ಪಗ ಹೇಳಿಟ್ಟಿದ್ದೆ," ಎಂದಳು ಸುಧಾ, ನನ್ನ ಧರ್ಮಪತ್ನಿ. "ನಿಮಗ ಬ್ಯಾಸರ ಆಗಬಾರ್ದಲ್ರಿ."

ಡಾಕ್ಟರು ಗೋಡೆಯ ಕಡೆ ತಿರುಗಿ ನಿಂತರು. ಅವರ ಭುಜ ಕುಣಿಯುತ್ತಿತ್ತು. ಅವರಿಗೇನು, ಅವರ ಕಣ್ಣಿಗೆ ಹೊಲಿಗೆ ಇರಲಿಲ್ಲ!

ಮಾವನವರು ಮಾತ್ರ ಹೊಸ ಬೆಳಕಿನಲ್ಲಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಮಗಳ ಕಡೆಗೆ ತಿರುಗಿದರು. "ಇನ್ನ ಕಣ್ಣು ಬಂತು. ಆ ಮೂರೂ ಪುಸ್ತಕ ನಾನೇ ಓದ್ತೀನಿ. ಎಲ್ಲಿಂದ ಶುರು ಮಾಡ್ಲಿ ಸುಧಾ?"

ಇಂಗ್ಲಿಷ್ ಎಂ.ಎ. ಆದ ನಾನು ಅಲ್ಲೇ, ಕೈಗೆಟುಕುವ ದೂರದಲ್ಲೇ, ನಿಂತಿದ್ದೆ.

"ಯಾವ ಪುಸ್ತಕದಿಂದ ಬೇಕಾದ್ರ ಶುರು ಮಾಡ್ರಿ ಅಪ್ಪಾ," ಎಂದಳು ಸುಧಾ. "ಇವರ ಬಾಯಿಂದ ಮಾತ್ರ ಬ್ಯಾಡ."